ಹೇಗಿಲ್ ಚೀಸು ಮತ್ತು ಹಳ್ಳದಾಚೆಯ ಕುರಿಗಳು

ಮೇವಿಸ್ ಥ್ರೆಲ್ಫಾಲ್‌ಗೆ ಹೆದರಿಕೆಯೆಂಬುದು ಹುಟ್ಟಿನಿಂದಲೇ ಬಂದಿತ್ತು, ಕೆಲವರಿಗೆ ಮಚ್ಚೆ ಬರುವ ಹಾಗೆ. ಗುಡುಗಿಗೆ ಹೆದರುತ್ತಿದ್ದಳು, ಹೆಬ್ಬಾತುಗಳಿಗೆ ಹೆದರುತ್ತಿದ್ದಳು. ಇಕ್ಕಟ್ಟಿನ ರಸ್ತೆಯಲ್ಲಿ ಎದುರಿಗೆ ಲಾರಿ ಬಂದರೆ ತನ್ನ ಹಳೆಯ ವ್ಯಾನನ್ನು ಬೇಲಿಗೆ ಒತ್ತಿ ನಿಲ್ಲಿಸಿ ಕಣ್ಣು ಮುಚ್ಚಿಬಿಡುತ್ತಿದ್ದಳು. ಟೆಲಿಫೋನು ಬಡಿದುಕೊಂಡರೆ ಕೈ ಮೊದಲು ಎದೆಗೆ ಹೋಗಿ ಆಮೇಲೆ ರಿಸೀವರಿಗೆ ಹೋಗುತ್ತಿತ್ತು.

"ಕೆಟಲ್ ಸಿಳ್ಳೆ ಹಾಕಿದ್ರೂ ಯಾರೋ ಸತ್ರು ಅಂತಾಳೆ ನಮ್ಮಕ್ಕ" ಎಂದು ತಮ್ಮ ವಿಲ್ಫ್ ಪಬ್ಬಿನಲ್ಲಿ ಹೇಳಿ ನಾಲ್ಕು ಜನರನ್ನು ನಗಿಸುತ್ತಿದ್ದ.

ಲ್ಯಾಂಕಶೈರಿನ ಬೋಳುಗುಡ್ಡಗಳ ಬುಡದಲ್ಲಿ, ಹೇಗಿಲ್ ಎಂಬ ಆ ಕಲ್ಲುಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ಇಬ್ಬರಿಗೂ ಮದುವೆಯಾಗಿರಲಿಲ್ಲ. ವಿಲ್ಫ್‌ಗೆ ಒಮ್ಮೆ ನಿಶ್ಚಯವಾಗಿ ತಪ್ಪಿಹೋಗಿತ್ತು. ಮೇವಿಸ್‌ಳನ್ನು ಕೇಳಿಕೊಂಡು ಬಂದವನೂ ಒಬ್ಬನಿದ್ದ. ಅವನು ಅಂಗಳ ದಾಟುವುದರೊಳಗೆ ಅವಳು ಚೀಸಿನ ಕೋಣೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡಳೆಂದು ಊರವರು ಹೇಳಿಕೊಳ್ಳುತ್ತಿದ್ದರು. ಈಗ ಅವಳಿಗೆ ಐವತ್ತೆಂಟು. ಹಸುಗಳೆಲ್ಲ ವಿಲ್ಫ್‌ನವು. ಹಾಲು ಕ್ಯಾನಿಗೆ ಬಿದ್ದ ಮೇಲೆ ಅದು ಮೇವಿಸ್‌ಳದು.

ಹಾಲನ್ನು ಕಾಯಿಸದೆ, ಹಸಿಯಾಗಿಯೇ ಹೆಪ್ಪು ಹಾಕಿ ಚೀಸು ಮಾಡುವುದು ಆ ಮನೆಯಲ್ಲಿ ಅವರಮ್ಮನ ಕಾಲದಿಂದ ನಡೆದುಬಂದದ್ದು. ನೀರು ಬಸಿದು ಉಳಿದ ಗಟ್ಟಿಯನ್ನು ಅವತ್ತೇ ಅಚ್ಚಿಗೆ ತುಂಬುವುದಿಲ್ಲ. ನಿನ್ನೆಯದು ಹುಳಿ ತಿರುಗಿ ಕೂತಿರುತ್ತದೆ, ಇವತ್ತಿನದು ಎಳಸು, ಸಿಹಿ; ಎರಡನ್ನೂ ಬೆರಳಲ್ಲಿ ಮುರಿದು ಬೆರೆಸಿ, ಉಪ್ಪು ಹಾಕಿ, ಬಟ್ಟೆ ಕಟ್ಟಿ ಭಾರ ಹೇರಬೇಕು. ಮರುದಿನ ಬಟ್ಟೆಯ ಮೇಲೆ ಬೆಣ್ಣೆ ಸವರಿ ಹಲಗೆಯ ಮೇಲಿಟ್ಟರೆ, ಅಲ್ಲಿಂದ ತಿಂಗಳುಗಟ್ಟಲೆ ಮಗ್ಗುಲು ಬದಲಾಯಿಸುತ್ತ ಇರಬೇಕು, ಹಾಸಿಗೆ ಹಿಡಿದವರನ್ನು ನೋಡಿಕೊಂಡ ಹಾಗೆ. ಅಮ್ಮ ಇದನ್ನೆಲ್ಲ ಕಲಿಸಿ ಕೊನೆಗೆ ಒಂದು ಮಾತು ಹೇಳಿದ್ದಳು: "ಹಾಲನ್ನ ನಂಬಬೇಡ ಮೇವಿಸ್. ನೀನು ಯಾರು ಅಂತ ಹಾಲಿಗೆ ಗೊತ್ತಿಲ್ಲ."

ಬೇರೆಯವರಾಗಿದ್ದರೆ ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಬಿಡುತ್ತಿದ್ದರು. ಮೇವಿಸ್‌ಳ ಹೊಟ್ಟೆಯಲ್ಲಿ ಅದು ಕಲ್ಲಿನ ಹಾಗೆ ಕೂತುಬಿಟ್ಟಿತು. ಒಂದೊಂದು ಕ್ಯಾನನ್ನೂ ಎರಡೆರಡು ಸಲ ಮೂಸುವಳು. ತೊಳೆದದ್ದನ್ನು ಮತ್ತೆ ತೊಳೆಯುವಳು; ಅವಳ ಮುಂಗೈ ವರ್ಷವಿಡೀ ಕೆಂಪಗೆ ಸುಲಿದಿರುತ್ತಿತ್ತು. ಎಲ್ಲೋ ಯಾವುದೋ ಮನೆಯಲ್ಲಿ ಯಾರೋ ತನ್ನ ಚೀಸು ತಿಂದು ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಾರೆ ಎಂಬ ಯೋಚನೆ, ಪಾತ್ರೆ ತಿಕ್ಕುವಾಗ, ಗಂಜಿ ಕುಡಿಯುವಾಗ, ಇಗರ್ಜಿಯಲ್ಲಿ ಮಂಡಿಯೂರಿದಾಗ ಬಂದು ಬೆನ್ನು ತಟ್ಟುತ್ತಿತ್ತು. ಯಾರೂ ಯಾವತ್ತೂ ಬಿದ್ದಿರಲಿಲ್ಲ.

ಶನಿವಾರ ಕ್ಲಿದರೋ ಸಂತೆಯಲ್ಲಿ ಮಾತ್ರ ಅವಳ ಹೆದರಿಕೆ ಮೇಜಿನ ಕೆಳಗೆ ತೆಪ್ಪಗೆ ಮಲಗಿರುತ್ತಿತ್ತು. ಅಲ್ಲಿ ತನ್ನ ಚೀಸಿನ ಜೊತೆಗೆ, ಪರಿಚಯದವರು ಮಾಡಿ ಕಳಿಸಿದ ಇನ್ನಷ್ಟನ್ನೂ ಇಟ್ಟು ಮಾರುವಳು. ಮಾರುವುದಕ್ಕಿಂತ ಹೆಚ್ಚಾಗಿ ಹೇಗೆ ತಿನ್ನಬೇಕೆಂದು ಪಾಠ ಹೇಳುವಳು. ಒಮ್ಮೆ ಹೊಸದಾಗಿ ಮದುವೆಯಾದ ಒಬ್ಬ ಹುಡುಗ ಬೆವರುತ್ತ ಬಂದು ನಿಂತ.

"ಅತ್ತೆ ಮಾವ ಊಟಕ್ಕೆ ಬರ್ತಿದಾರೆ. ಎಲ್ಲದರಲ್ಲೂ ಒಂದೊಂದು ತುಂಡು ಕೊಟ್ಬಿಡಿ."

"ಎಲ್ಲದರಲ್ಲೂ ಒಂದೊಂದು ಇಟ್ರೆ ಅದು ಊಟ ಅಲ್ಲ ಚಿನ್ನ, ಜಗಳ. ನಾಲ್ಕು ಸಾಕು. ಮನೇಗೆ ಹೋಗಿ ಫ್ರಿಜ್ಜಿಗೆ ತುರುಕ್ತೀಯ, ಗೊತ್ತು ನಂಗೆ. ತುರುಕು. ಆದ್ರೆ ಊಟಕ್ಕೆ ಒಂದು ಗಂಟೆ ಮುಂಚೆ ಹೊರಗೆ ತೆಗೆದಿಡು. ತಣ್ಣಗಿರೋ ಚೀಸು ನಿದ್ದೆ ಮಾಡ್ತಿರೋ ಗಂಡಸಿದ್ದ ಹಾಗೆ, ಏನು ಕೇಳಿದ್ರೂ ಉತ್ತರ ಬರಲ್ಲ."

"ಸರಿ. ಯಾವುದು ಮೊದಲು?"

"ಈ ಕೇರ್ಫಿಲಿ. ವೇಲ್ಸ್ ಕಡೇದು. ಮಜ್ಜಿಗೆ ಹುಳಿ ಇದೆ, ಸೆಲರಿ ದಂಟಿನ ಜೊತೆ ಕಚ್ಚಬೇಕು. ಆಮೇಲೆ ನಂದು. ಇದನ್ನ ಕೊಯ್ಯೋಕೆ ಹೋಗ್ಬೇಡ, ಮುರಿ. ಪುಡಿ ಉದುರುತ್ತೆ, ಉದುರಲಿ, ಪುಡಿ ಅಡುಗೆ ಮಾಡಿದೋರಿಗೆ. ಮೂರನೇದು ಸಾಮರ್ಸೆಟ್ಟಿನ ಚೆಡ್ಡರ್, ಪಕ್ಕದಲ್ಲಿ ಉಪ್ಪಿನಕಾಯಿ ಈರುಳ್ಳಿ ಇರ್ಲಿ. ನೀಲಿ ಗೆರೆ ಇದೆಯಲ್ಲ, ಸ್ಟಿಲ್ಟನ್, ಅದು ಕಟ್ಟಕಡೇಗೆ, ಪೇರ್ ಹಣ್ಣಿನ ಜೊತೆ. ಅದನ್ನ ಮೊದಲೇ ಬಾಯಿಗೆ ಹಾಕ್ಕೊಂಡ್ರೆ ಮಿಕ್ಕ ಚೀಸೆಲ್ಲ ಮೂಕಾಗಿಬಿಡ್ತಾವೆ."

"ವೈನ್ ಯಾವುದು ತರಲಿ?"

"ಅತ್ತೆಗೆ ಚಹಾ ಕೊಡು, ಮಾವಂಗೆ ಬಿಯರು. ನೀನು ಮಧ್ಯ ಕೂತ್ಕೊ, ಬಾಯಿ ತುಂಬಿಕೊಂಡಿರು."

ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳಿ ಗಹಗಹಿಸಿ ನಗುವವನು ಎನಾಕ್ ಸಿಂಗಲ್ಟನ್. ಹೇಗಿಲ್‌ನ ಗದ್ದೆ ಮುಗಿದಲ್ಲಿ ಒಂದು ಹಳ್ಳ, ಹಳ್ಳದಾಚೆ ಎನಾಕ್‌ನ ಜಮೀನು. ಕುರಿಗಳೇ ಹೆಚ್ಚು, ಒಂದಿಷ್ಟು ದನ. ಹೆಂಡತಿ ಸತ್ತು ವರ್ಷಗಳಾಗಿದ್ದವು. ಆರಡಿ ಎತ್ತರ, ಗೂಳಿಯ ಮೂಗುದಾರ ಹಿಡಿದು ನಿಲ್ಲುವ ಗಂಡಸು. ಯಾವುದಕ್ಕೂ ಜಗ್ಗಿದವನಲ್ಲ ಎಂದು ಕಣಿವೆಯಲ್ಲೆಲ್ಲ ಹೆಸರು. ಒಡೆದ ಚೀಸಿನ ಚೂರುಗಳು ಅವನ ಪಾಲಿಗೆ ಮೀಸಲು. "ಏನು ಹುಡುಗೀ, ಇವತ್ತು ಯಾವುದಕ್ಕೆ ಹೆದರಿದೆ?" ಎಂದು ಕೇಳಿಯೇ ಚೂರಿಗೆ ಕೈಯೊಡ್ಡುವನು. ಐವತ್ತೆಂಟರವಳನ್ನು ಹುಡುಗಿ ಎನ್ನುವವನು ಅವನೊಬ್ಬನೇ.

ಎರಡು ಸಾವಿರದ ಒಂದನೆಯ ಇಸವಿಯ ವಸಂತದಲ್ಲಿ ಕಾಲುಬಾಯಿ ಜ್ವರ ಬಂತು.

ಆ ಜ್ವರದಿಂದ ಹಸುವೇನೂ ಸಾಯಲೇಬೇಕೆಂದಿಲ್ಲ. ಬಾಯಿ, ಗೊರಸು ಹುಣ್ಣಾಗಿ, ಹಾಲು ಇಳಿದು, ಎಲುಬು ಕಂಡು, ಕೊನೆಗೆ ಚೇತರಿಸಿಕೊಳ್ಳಲೂಬಹುದು. ಆದರೆ ಕಾನೂನು ಅಷ್ಟು ದಿನ ಕಾಯುತ್ತಿರಲಿಲ್ಲ. ಒಂದಕ್ಕೆ ಬಂದರೆ ಕೊಟ್ಟಿಗೆಯಷ್ಟನ್ನೂ ಕೊಲ್ಲಬೇಕು. ಒಂದು ಕೊಟ್ಟಿಗೆಗೆ ಬಂದರೆ ಬೇಲಿಗೆ ಬೇಲಿ ತಾಗಿದ ಕೊಟ್ಟಿಗೆಗಳನ್ನೂ ಕೊಲ್ಲಬೇಕು. ಮೊದಲು ಅದು ಟೀವಿಯಲ್ಲಿತ್ತು. ಆಮೇಲೆ ಉತ್ತರದ ಜಿಲ್ಲೆಗಳಲ್ಲಿತ್ತು. ಆಮೇಲೊಂದು ದಿನ ಗುಡ್ಡದ ಹಿಂದಿನಿಂದ ಕಪ್ಪು ಹೊಗೆ ಎದ್ದು, ಗಾಳಿ ತಿರುಗಿದಾಗ ಸುಟ್ಟ ಕೂದಲ ವಾಸನೆ ಹೇಗಿಲ್ ಅಂಗಳಕ್ಕೆ ಇಳಿಯಿತು. ಮೇವಿಸ್ ಹಗ್ಗದ ಮೇಲೆ ಒಣಗಿದ್ದ ಚೀಸು ಬಟ್ಟೆಗಳನ್ನೆಲ್ಲ ಕಿತ್ತು ತಂದು ಮತ್ತೆ ಕುದಿಯುವ ನೀರಿಗೆ ಹಾಕಿದಳು.

ಸಂತೆ ನಿಂತಿತು. ಗುಡ್ಡದ ಕಾಲುದಾರಿಗಳಿಗೆ ಹಗ್ಗ ಕಟ್ಟಿದರು. ಇಗರ್ಜಿಗೂ ಯಾರೂ ಹೋಗುತ್ತಿರಲಿಲ್ಲ. ಮೇವಿಸ್ ಬೂಟು, ಚಕ್ರ ಅದ್ದಿ ಬರಲೆಂದು ಗೇಟಿನ ಹತ್ತಿರ ಹುಲ್ಲಿನ ದಪ್ಪ ಹಾಸು ಹಾಸಿ ಅದಕ್ಕೆ ಕ್ರಿಮಿನಾಶಕದ ನೀರು ಸುರಿದಳು. ಗೇಟಿನ ಹತ್ತಿರ ಒಂದು ಸಾಲದೆಂದು ಕೊಟ್ಟಿಗೆ ಬಾಗಿಲಲ್ಲಿ ಇನ್ನೊಂದು, ಅಡುಗೆಮನೆ ಹೊಸ್ತಿಲಲ್ಲಿ ಮತ್ತೊಂದು. ಅಂಚೆಯವನಿಗೆ ರಸ್ತೆಯಲ್ಲೇ ಡಬ್ಬಿ ಇಟ್ಟಳು. ಹುಲ್ಲು ಚಿಗುರುವ ಕಾಲ ಬಂದರೂ ಹಸುಗಳನ್ನು ಹೊರಗೆ ಬಿಡಲು ಒಪ್ಪಲಿಲ್ಲ.

"ಹುಲ್ಲು ಮೊಣಕಾಲುದ್ದ ಬಂದಿದೆ ಕಣೇ. ಹಳ್ಳದ ಕಡೆ ಗದ್ದೆಗಾದ್ರೂ ಬಿಡೋಣ" ಎಂದ ವಿಲ್ಫ್.

"ಹಳ್ಳದ ಕಡೇಗಂತೂ ಬೇಡವೇ ಬೇಡ. ಆಚೆ ಎನಾಕ್ ಕುರಿಗಳು ಅಲೀತಾವೆ. ಒಣಹುಲ್ಲು ಇರೋ ತನಕ ಒಣಹುಲ್ಲು ತಿನ್ಲಿ."

"ಹಾಗಿದ್ರೆ ನಾನಾದ್ರೂ ಒಂದರ್ಧ ಗಂಟೆ ಪಬ್ಬಿಗೆ ಹೋಗಿ ಬರ್ತೀನಿ."

"ಹೋಗು. ಹೋದ್ರೆ ಅಲ್ಲೇ ಇದ್ಬಿಡು. ನಿನ್ನ ಬೂಟಲ್ಲಿ ಏನು ಬರುತ್ತೋ ಯಾರಿಗೆ ಗೊತ್ತು."

ವಿಲ್ಫ್ ಬೈದುಕೊಂಡ, ಆದರೆ ಹೋಗಲಿಲ್ಲ. ಅಕ್ಕನ ಹೆದರಿಕೆ ಅವನಿಗೆ ಈಗ ನಗೆಯ ಸಂಗತಿಯಾಗಿ ಉಳಿದಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ವಿಲ್ಫ್ ಕೊಟ್ಟಿಗೆಯಿಂದ ಕೂಗಿದ. ಕೂಗಿದ್ದು ಹೆಸರನ್ನಷ್ಟೇ, ಆದರೆ ಆ ದನಿ ಕೇಳಿ ಮೇವಿಸ್ ಸೌಟು ಹಿಡಿದೇ ಓಡಿದಳು.

ಬ್ರಾಂಬಲ್ ಎಂಬ ಕೆಂಪು ಹಸು ತಲೆ ತಗ್ಗಿಸಿ ನಿಂತಿತ್ತು. ಬಾಯಿಂದ ಜೊಲ್ಲು ದಾರದಂತೆ ನೆಲದವರೆಗೆ ಇಳಿಯುತ್ತಿತ್ತು. ಮುಂಗಾಲೊಂದನ್ನು ಎತ್ತುವುದು, ಒದರುವುದು, ಇಡುವುದು, ಮತ್ತೆ ಎತ್ತುವುದು. ಮುಂದಿಟ್ಟ ಮೇವು ಹಾಗೆಯೇ ಇತ್ತು.

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮುಳ್ಳುಗಿಳ್ಳು ಚುಚ್ಚಿರಬಹುದು" ಎಂದ ವಿಲ್ಫ್.

"ಕಾಲಿಗೂ ಬಾಯಿಗೂ ಒಟ್ಟಿಗೇ?"

"ನಾಳೆವರೆಗೆ ನೋಡೋಣ ಮೇವಿಸ್. ಒಂದೇ ದಿನ. ಈಗ ಫೋನ್ ಮಾಡಿದ್ರೆ ಸರಕಾರದೋರು ಬಿಳಿ ಅಂಗಿ ಹಾಕ್ಕೊಂಡು ಬರ್ತಾರೆ. ಆಮೇಲೆ ಇದು ಮುಳ್ಳು ಅಂತ ಗೊತ್ತಾಗೋ ಹೊತ್ತಿಗೆ ಕೊಟ್ಟಿಗೇಲಿ ಉಸಿರಾಡೋದು ಒಂದೂ ಇರಲ್ಲ."

ಮೇವಿಸ್ ಬಕೆಟ್ಟು ತುಂಬಿಸಲು ಹೋದವಳು ನಲ್ಲಿ ತಿರುಗಿಸಲಾಗದೆ ನಿಂತಳು.

ಅಷ್ಟರಲ್ಲಿ ಟೆಲಿಫೋನು ಬಡಿದುಕೊಂಡಿತು. ಎನಾಕ್. ಹಳ್ಳದಾಚೆಯ ಏರಿನ ಮೇಲೆ ನಿಂತರೆ ಹೇಗಿಲ್ ಅಂಗಳ ಕಾಣುತ್ತದೆ. ವಿಲ್ಫ್ ತಲೆಯ ಮೇಲೆ ಕೈಹೊತ್ತು ಕೊಟ್ಟಿಗೆ ಮುಂದೆ ಕೂತದ್ದನ್ನು ಅವನು ನೋಡಿದ್ದ.

"ಏನಾಯ್ತು ಹುಡುಗೀ?"

ಅವಳು ಹೇಳಿದಳು.

"ಮೇವಿಸ್, ಕೇಳಿಲ್ಲಿ." ಅವನು ಹೆಸರು ಹಿಡಿದು ಕರೆದದ್ದು ಅವಳಿಗೆ ನೆನಪೇ ಇರಲಿಲ್ಲ. "ಯಾರಿಗೂ ಫೋನ್ ಮಾಡಬೇಡ. ನೀನು ಕರೆಸಿದ್ರೆ ಅವರು ನಿನ್ನ ಗೇಟಲ್ಲೇ ನಿಲ್ಲಲ್ಲ, ಹಳ್ಳ ದಾಟಿ ನನ್ನ ಹತ್ರಾನೂ ಬರ್ತಾರೆ. ಕುರಿಗಳು ಮರಿ ಹಾಕ್ತಾ ಇದಾವೆ. ನಿನ್ನ ಹೆದರಿಕೇಗೆ ನನ್ನನ್ನ ಯಾಕೆ ಬಲಿ ಕೊಡ್ತೀಯ? ನಿಂಗೆ ಗುಡುಗು ಬಂದ್ರೂ ಪ್ರಳಯ. ಊರಿಗೇ ಗೊತ್ತಿದೆ ಅದು."

"ಹೂಂ" ಎಂದು ಫೋನ್ ಇಟ್ಟುಬಿಟ್ಟಳು.

ಅಡುಗೆಮನೆಯ ಕುರ್ಚಿಯ ಮೇಲೆ ಕೂತಳು. ಎದುರಿಗೆ ಹಿಂದಿನ ಸಂಜೆಯ ಹಾಲಿನ ಕ್ಯಾನು. ಅದರಲ್ಲಿ ಬ್ರಾಂಬಲ್‌ನ ಹಾಲೂ ಸೇರಿತ್ತು. ಫೋನ್ ಮಾಡಿದರೆ ಹಸುಗಳು ಹೋಗುತ್ತವೆ, ವಿಲ್ಫ್ ಮುರಿದುಹೋಗುತ್ತಾನೆ, ಎನಾಕ್ ಈ ಜನ್ಮದಲ್ಲಿ ಮುಖ ನೋಡುವುದಿಲ್ಲ. ಮಾಡದಿದ್ದರೆ? ಅವಳಿಗೆ ಕಣಿವೆಯ ಮನೆಗಳು ಒಂದೊಂದಾಗಿ ಕಣ್ಣಮುಂದೆ ಬಂದವು, ಆ ಮನೆಗಳ ಕೊಟ್ಟಿಗೆಗಳು, ಕೊಟ್ಟಿಗೆಗಳ ಹಿಂದೆ ಏಳುವ ಹೊಗೆ. ಎರಡು ಭಯಗಳು ಎರಡು ಕಡೆಯಿಂದ ಹಿಡಿದು ಜಗ್ಗುತ್ತಿದ್ದವು. ಅವಳು ಎದ್ದು ಫೋನಿನ ಹತ್ತಿರ ಹೋದಳು, ಬಂದು ಕೂತಳು, ಮತ್ತೆ ಹೋದಳು. ಇನ್ನೊಮ್ಮೆ ಕೂತರೆ ಏಳಲಾರೆ ಎನಿಸಿ, ನಿಂತೇ ಸರಕಾರದ ದನದ ಕಚೇರಿಯ ನಂಬರು ತಿರುಗಿಸಿದಳು. ದನಿ ಎಷ್ಟು ನಡುಗಿತೆಂದರೆ ಆ ಕಡೆಯವರು ಜಮೀನಿನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿಕೊಳ್ಳಬೇಕಾಯಿತು.

ಬಂದವಳು ಟೆಸ್ ಮೊಲೋನಿ ಎಂಬ ದನದ ಡಾಕ್ಟರು. ನ್ಯೂಜಿಲೆಂಡಿನಿಂದ ಈ ಕೆಲಸಕ್ಕೆಂದೇ ಕರೆಸಿಕೊಂಡವರಲ್ಲಿ ಒಬ್ಬಳು, ಚಿಕ್ಕ ವಯಸ್ಸು, ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ಬಿಳಿ ಅಂಗಿ ತೊಟ್ಟು ಬ್ರಾಂಬಲ್‌ನ ನಾಲಿಗೆ ಹೊರಗೆಳೆದು ನೋಡಿದಳು. ನಾಲಿಗೆಯ ಕೆಳಗೆ ಹಸಿಹುಣ್ಣು. ಗೊರಸಿನ ಸಂದಿಯಲ್ಲಿ ಕೀವು.

"ಅದೇನಾ?" ಎಂದು ವಿಲ್ಫ್ ಕೇಳಿದ.

"ನೋಡಿ ಹೇಳೋಕಾಗಲ್ಲ. ರಕ್ತ ಕಳಿಸ್ತೀನಿ. ಉತ್ತರ ಬರೋವರೆಗೆ ನೀವಿಬ್ರೂ ಗೇಟು ದಾಟೋ ಹಾಗಿಲ್ಲ. ಹಾಲೂ ದಾಟೋ ಹಾಗಿಲ್ಲ." ಕೈಗವಸು ಬಿಚ್ಚುತ್ತ ಕಿಟಕಿಯಾಚೆ ನೋಡಿದಳು. "ಹಳ್ಳದ ಆ ಕಡೆ ಯಾರದು?"

ಮೇವಿಸ್ ಬಕೆಟ್ಟು ಎತ್ತಿಕೊಂಡು ಆಚೆ ಸರಿದಳು. ವಿಲ್ಫ್ ಹೇಳಿದ.

ಟೆಸ್ ಹೋದ ಸ್ವಲ್ಪ ಹೊತ್ತಿಗೆ ಎನಾಕ್ ಹಳ್ಳದ ಆ ಅಂಚಿಗೆ ಬಂದು ನಿಂತ, ಮೇವಿಸ್ ಈ ಅಂಚಿಗೆ ಹೋದಳು. ಕೈಯಲ್ಲಿ ಕುರಿ ಅಟ್ಟುವ ಕೋಲು. ಅವನು ಕೂಗಾಡಿದ್ದರೆ ಮೇವಿಸ್‌ಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ನೆಲ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದ: "ಅವಳು ಬರ್ತಾ ಇದಾಳೆ. ನನ್ನ ಅಂಗಳಕ್ಕೆ ಬರ್ತಾ ಇದಾಳೆ. ಏನು ಮಾಡಿಬಿಟ್ಟೆ ಮೇವಿಸ್."

ಅವನ ಕೋಲು ನಡುಗುತ್ತಿತ್ತು. ನೀರಿನ ಸದ್ದಿನ ಮೇಲೆ ಅದು ಕಲ್ಲಿಗೆ ಟಕಟಕ ಬಡಿಯುವುದು ಕೇಳಿಸುತ್ತಿತ್ತು. ಆಗ ಅವಳಿಗೆ ಗೊತ್ತಾಯಿತು. ಗೊತ್ತಾದದ್ದನ್ನು ವಿಲ್ಫ್‌ಗೂ ಹೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉತ್ತರ ಬರುವವರೆಗಿನ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಸರಿಯಾಗಿ ಉಂಡದ್ದಿಲ್ಲ. ಆದರೆ ಹಸುವಿನ ಕೆಚ್ಚಲಿಗೆ ಸರಕಾರದ ಅಪ್ಪಣೆ ಗೊತ್ತಾಗುವುದಿಲ್ಲವಲ್ಲ. ಹೊತ್ತಿಗೆ ಸರಿಯಾಗಿ ಹಾಲು ಬರುತ್ತಿತ್ತು. ಚೆಲ್ಲಿಬಿಡು ಎಂದ ವಿಲ್ಫ್. ಮೇವಿಸ್ ಚೆಲ್ಲಲಿಲ್ಲ, ಏನಾಗುವುದೋ ಆಗಲಿ, ಬೇಡವೆಂದರೆ ಆಮೇಲೆ ಹೂಳಿದರಾಯಿತು ಎಂದು ಹೆಪ್ಪು ಹಾಕಿದಳು. ಕೈಗೆ ಕೆಲಸ ಕೊಡದಿದ್ದರೆ ತಲೆ ಕೆಡುತ್ತಿತ್ತು.

ಕೊನೆಗೆ ಟೆಸ್ ಗೇಟಿನ ಹೊರಗೇ ನಿಂತು ಹೇಳಿದಳು. ಬ್ರಾಂಬಲ್‌ಗೆ ಆ ಜ್ವರವಿಲ್ಲ. ಒಣಹುಲ್ಲಿನಲ್ಲಿದ್ದ ಮುಳ್ಳು ನಾಲಿಗೆ ಸೀಳಿತ್ತು. ಎಷ್ಟೋ ವಾರ ಒದ್ದೆ ಕೊಟ್ಟಿಗೆಯಲ್ಲಿ ನಿಂತು ಗೊರಸು ಕೊಳೆತಿತ್ತು. ವಿಲ್ಫ್ ಗೇಟಿನ ಕಂಬ ತಬ್ಬಿಕೊಂಡು ಮಗುವಿನ ಹಾಗೆ ಅತ್ತ.

ಟೆಸ್ ಮಾತು ಮುಗಿಸಿರಲಿಲ್ಲ. "ಸಿಂಗಲ್ಟನ್ ಅವರ ಕುರಿಗಳಿಗೆ ಇದೆ. ಬಾಯಲ್ಲಿ ಆಗಲೇ ಒಣಗ್ತಿರೋ ಹುಣ್ಣು. ಎಷ್ಟೋ ದಿನದ್ದು. ನಿಮ್ಮದು ಪಕ್ಕದ ಜಮೀನು. ನಿಯಮ ನಿಮಗೆ ಗೊತ್ತಿದೆ."

"ಗೊತ್ತಿದೆ ಅಂದ್ರೆ?" ಎಂದ ವಿಲ್ಫ್. ಅವನ ಮುಖದಲ್ಲಿ ಕಣ್ಣೀರು ಇನ್ನೂ ಆರಿರಲಿಲ್ಲ. "ಈಗ ತಾನೇ ಇಲ್ಲ ಅಂದ್ರಲ್ಲ. ಇಲ್ಲ ಅಂದ ಮೇಲೂ ಕೊಲ್ತೀರಾ?"

ಟೆಸ್ ತಲೆ ತಗ್ಗಿಸಿ ಕಾಗದದಲ್ಲಿ ಏನೋ ಬರೆಯತೊಡಗಿದಳು. ವಿಲ್ಫ್ ಅಲ್ಲೇ ಕೆಸರಲ್ಲಿ ಕುಸಿದು ಕೂತ. ಮಾತಾಡಲು ಉಳಿದವಳು ಮೇವಿಸ್ ಒಬ್ಬಳೇ. ಓಡಿಹೋಗಿ ಚೀಸಿನ ಕೋಣೆಯಲ್ಲಿ ಚಿಲಕ ಹಾಕಿಕೊಳ್ಳಬೇಕೆಂದು ಅವಳ ಕಾಲು ಎಳೆಯುತ್ತಿತ್ತು. ಗೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಸುಗಳು ಹೊರಗೇ ಬಂದಿಲ್ಲ" ಎಂದಳು. "ಈ ವರ್ಷ ಒಂದು ದಿನಾನೂ ಬಂದಿಲ್ಲ. ಹಳ್ಳದ ನೀರು ಕುಡಿದಿಲ್ಲ. ತಮ್ಮ ಪಬ್ಬಿಗೆ ಹೋಗಿಲ್ಲ, ಕೇಳಿ ಬೇಕಾದ್ರೆ. ಯಾರೂ ಒಳಗೆ ಬಂದಿಲ್ಲ, ನೀವೇ ಮೊದಲನೆಯವರು. ಹಾಸು ನೋಡಿ, ಬಾಗಿಲು ಬಾಗಿಲಿಗೂ ಹಾಸಿದೀನಿ. ನನಗೆ ಹೆದರಿಕೆ ಜಾಸ್ತಿ. ಇಡೀ ಕಣಿವೇಲಿ ಯಾರನ್ನಾದ್ರೂ ಕೇಳಿ, ನನ್ನಷ್ಟು ಹೆದರೋಳು ಯಾರೂ ಇಲ್ಲ. ದಿನಾ ಬಂದು ಬಾಯಿ ನೋಡಿ. ದಿನಕ್ಕೆರಡು ಸಲ ಬನ್ನಿ. ಒಂದಕ್ಕೆ ಜೊಲ್ಲು ಸುರಿದ್ರೂ ನಾನೇ ಫೋನ್ ಮಾಡ್ತೀನಿ. ಮಾಡಿದೀನಲ್ಲ."

ಕಡೆಯ ಮಾತಿಗೆ ಟೆಸ್ ತಲೆಯೆತ್ತಿ ನೋಡಿದಳು. ಆಮೇಲೆ ತನ್ನ ಕಾರಿಗೆ ಹೋಗಿ ಮೇಲಿನವರ ಹತ್ತಿರ ಫೋನಿನಲ್ಲಿ ಮಾತಾಡತೊಡಗಿದಳು. ಕಾರಿನ ಗಾಜಿನೊಳಗೆ ಅವಳ ಕೈ ಮೇಲೆ ಕೆಳಗೆ ಹೋಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮೇವಿಸ್ ಗೇಟು ಬಿಡಲಿಲ್ಲ. ಟೆಸ್ ವಾಪಸು ಬಂದಾಗ ಹೇಳಿದ್ದಿಷ್ಟು: "ಸದ್ಯಕ್ಕೆ ಬಿಟ್ಟಿದಾರೆ. ಸದ್ಯಕ್ಕೆ ಅಷ್ಟೇ. ದಿನಾ ಬರ್ತೀನಿ."

ಮರುದಿನ ಹಳ್ಳದಾಚೆ ಗುಂಡಿನ ಸದ್ದು ಶುರುವಾಯಿತು.

ಮೇವಿಸ್ ಆಗ ಚೀಸಿನ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದಳು, ಕೈ ಮೊಣಕೈವರೆಗೆ ಬೆಚ್ಚನೆಯ ಹಾಲುಗಟ್ಟಿಯಲ್ಲಿ. ಟಪ್ ಎಂಬ ಸಣ್ಣ ಸದ್ದು, ಬಾಗಿಲು ಬಡಿದಷ್ಟು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಒಂದರ ಹಿಂದೊಂದು. ಮೊದಲು ಕುರಿಗಳು ಒರಲುತ್ತಿದ್ದವು. ಬರಬರುತ್ತ ಒರಲುವುದು ಕಡಿಮೆಯಾಗಿ ಸದ್ದು ಮಾತ್ರ ಉಳಿಯಿತು. ಕೊನೆಗೆ ಮರಿಗಳ ಸರದಿ ಬಂದಿರಬೇಕು, ಸದ್ದೂ ನಿಂತಿತು. ಅವಕ್ಕೆ ಗುಂಡು ಬೇಡ, ಸೂಜಿ ಸಾಕು. ಹೇಗಿಲ್ ಕೊಟ್ಟಿಗೆಯಲ್ಲಿ ಹಸುಗಳು ಒಮ್ಮೆಲೇ ಹಗ್ಗ ಜಗ್ಗಿ ಕೂಗತೊಡಗಿದವು. ವಿಲ್ಫ್ ಅವುಗಳ ಮಧ್ಯೆ ನಿಂತು, ಯಾವುದಕ್ಕೂ ಕೇಳಿಸದಿದ್ದರೂ, ಹಾಡು ಹೇಳುತ್ತಿದ್ದ. ಮೇವಿಸ್‌ಗೆ ಕಿವಿ ಮುಚ್ಚಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಾಳೆ ಇದು ಇಲ್ಲಿ, ನಾಳೆ ಇದು ಇಲ್ಲಿ ಎಂದು ಮನಸ್ಸು ಜಪ ಮಾಡುತ್ತಿತ್ತು. ಬೆರಳುಗಳು ತಾವಾಗಿಯೇ ಗಟ್ಟಿಯನ್ನು ಮುರಿದವು, ಬೆರೆಸಿದವು, ಉಪ್ಪು ಹಾಕಿದವು. ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೆ ಹಾಕಿದಳು.

ಆ ವಾರವೆಲ್ಲ ಹಳ್ಳದಾಚೆ ಬೆಂಕಿ ಉರಿಯಿತು. ಚೀಸಿನ ಕೋಣೆಯ ಕಿಟಕಿ ಅಂಚಿನಲ್ಲಿ ಬೂದಿ ಕೂತಿತ್ತು, ಹಿಟ್ಟಿನಷ್ಟು ನುಣ್ಣಗೆ. ಒರೆಸಿದ ಬಟ್ಟೆಯನ್ನು ಅವಳು ಸುಟ್ಟಳು.

ಟೆಸ್ ದಿನವೂ ಬಂದಳು. ದಿನವೂ ಬಾಯಿ ತೆರೆದು, ಗೊರಸು ಎತ್ತಿ ನೋಡಿದಳು. ಅವಳ ಕಾರಿನ ಸದ್ದು ಕೇಳಿದಾಗಿನಿಂದ ಅವಳು ಕೊನೆಯ ಹಸುವಿನ ಬೆನ್ನು ತಟ್ಟಿ "ಇಲ್ಲ" ಎನ್ನುವವರೆಗೆ ಮೇವಿಸ್ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಅವಳ ಕೂದಲು ಆ ತಿಂಗಳಲ್ಲಿ ಪೂರ್ತಿ ಬೆಳ್ಳಗಾಯಿತು. ಆಮೇಲೆ ಟೆಸ್ ಬರುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತಿತು. ಸೇಬು ಕೀಳುವ ಹೊತ್ತಿಗೆ ಅಪ್ಪಣೆ ಬಂತು: ಹಸುಗಳನ್ನು ಹೊರಗೆ ಬಿಡಬಹುದು. ಹಲಗೆಯ ಮೇಲೆ ಹಣ್ಣಾಗಿದ್ದ ಚೀಸನ್ನೂ ಪರೀಕ್ಷೆ ಮಾಡಿ, ಮಾರಬಹುದು ಎಂದರು. ಬ್ರಾಂಬಲ್ ಗದ್ದೆಗಿಳಿದು ಒಮ್ಮೆ ಬಾಲ ಎತ್ತಿ ಕುಣಿಯಿತು. ವಿಲ್ಫ್ ಪಬ್ಬಿಗೆ ಹೋಗಿ, ಅಕ್ಕನ ಬಗ್ಗೆ ಒಂದು ಮಾತೂ ಆಡದೆ ಕುಡಿದು ಬಂದ.

ಎನಾಕ್‌ನನ್ನು ಮಾತ್ರ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ಹೋಗಿ ಬಾ" ಎಂದ ವಿಲ್ಫ್.

"ನೀನು ಹೋಗು. ನಂಗೆ ಭಯ. ಹೊಡೆದುಬಿಟ್ರೆ?"

"ಹೊಡೆದ್ರೆ ಹೊಡೆಸ್ಕೊಂಡು ಬಾ. ಅವನ ಮನೇಲಿ ಈಗ ಇರೋದು ಒಂದು ನಾಯಿ. ಅದರ ಜೊತೆ ಎಷ್ಟು ದಿನ ಮಾತಾಡ್ತಾನೆ?"

ಒಂದು ಮಧ್ಯಾಹ್ನ ಅವಳು ಬುಟ್ಟಿಯಲ್ಲಿ ಚೀಸು, ಒಣದ್ರಾಕ್ಷಿ ಹಾಕಿದ ಕೇಕು ಇಟ್ಟುಕೊಂಡು ಹಳ್ಳದ ಸೇತುವೆ ದಾಟಿದಳು. ಸದ್ದಿಲ್ಲದ ಆ ಅಂಗಳದಲ್ಲಿ ತನ್ನ ಬೂಟಿನ ಸದ್ದಿಗೇ ಬೆಚ್ಚಿದಳು. ಬಾಗಿಲು ತೆರೆದಾಗ ಎನಾಕ್ ಅರ್ಧ ಆಳಾಗಿದ್ದ. ಅಂಗಿ ಹೆಗಲಿಂದ ಜೋತಾಡುತ್ತಿತ್ತು. ಅವನು ಹೊಡೆಯಲಿಲ್ಲ, ಬಾ ಎನ್ನಲೂ ಇಲ್ಲ; ಬಾಗಿಲು ತೆರೆದೇ ಬಿಟ್ಟು ಒಳಗೆ ಹೋಗಿ ಮೇಜಿನ ಮುಂದೆ ಕೂತ. ಅವಳೇ ಕೆಟಲ್ ಇಟ್ಟಳು. ತಟ್ಟೆ ಹುಡುಕಿ ಕೇಕು ಕೊಯ್ದಳು, ಚೀಸು ಮುರಿದಳು, ಕೇಕಿನ ಮೇಲೊಂದು ತುಂಡು ಚೀಸಿಟ್ಟು ಅವನ ಮುಂದೆ ಸರಿಸಿದಳು. ಅಲ್ಲಿನವರು ತಿನ್ನುವುದೇ ಹಾಗೆ.

"ನಂಗೆ ಗೊತ್ತಿತ್ತು" ಎಂದ ಎನಾಕ್, ತಟ್ಟೆ ನೋಡುತ್ತ. "ನೀನು ಫೋನ್ ಮಾಡೋ ಮುಂಚೇನೇ. ಒಂದು ವಾರದಿಂದ ಕುಂಟ್ತಾ ಇದ್ವು. ಬಾಯಿ ತೆರೆದು ನೋಡೋಕೆ ನಂಗೆ ಧೈರ್ಯ ಬರ್ಲಿಲ್ಲ. ನೋಡದಿದ್ರೆ ಇಲ್ಲ ಅಂದ್ಕೊಂಡೆ."

"ನಂಗೂ ಗೊತ್ತಾಯ್ತು. ಹಳ್ಳದ ಹತ್ರ, ನಿನ್ನ ಕೋಲು ನೋಡಿ."

"ಯಾರಿಗೂ ಹೇಳ್ಲಿಲ್ಲ ನೀನು."

"ಹೇಳೋದೇನಿದೆ? ಹೆದರಿಕೆ ಅಂದ್ರೆ ಏನು ಅಂತ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಅವನು ಚೀಸಿನ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. "ಇದು ಯಾವತ್ತಿಂದು?"

ಸುಳ್ಳು ಹೇಳಬಹುದೆಂದು ಅವಳಿಗೆ ಅನಿಸಿತು. ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆಯಿತ್ತು. "ಅವತ್ತಿಂದೇ" ಎಂದಳು. "ಅವರು ಇಲ್ಲಿಗೆ ಬಂದ ದಿನದ್ದು. ಬೇರೇದು ತರಬಹುದಿತ್ತು. ಬೇಡ ಅಂದ್ರೆ ತಗೊಂಡು ಹೋಗ್ತೀನಿ."

ಎನಾಕ್ ಅದನ್ನು ಬಾಯಿಗೆ ಹಾಕಿ ನಿಧಾನವಾಗಿ ಅಗಿದ. ಮೇವಿಸ್ ಅವನ ಬಾಯನ್ನೇ ನೋಡುತ್ತ ಕೂತಳು.

"ಉಪ್ಪು ಜಾಸ್ತಿ" ಎಂದ.

"ಹಾಕಿದ್ನೋ ಇಲ್ವೋ ಗೊತ್ತಾಗ್ಲಿಲ್ಲ. ಎರಡು ಸಲ ಬಿತ್ತು."

"ತುಂಬಾನೇ ಜಾಸ್ತಿ ಕಣೇ ಹುಡುಗೀ." ಅವನ ಮುಖ ಕಿವುಚಿಕೊಂಡಿತು, ನಗುತ್ತಾನೋ ಅಳುತ್ತಾನೋ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ಇನ್ನೊಂದು ತುಂಡಿಗೆ ಕೈಹಾಕಿದ. ಚಹಾ ಆರುವ ಮುಂಚೆ ಇಬ್ಬರೂ ಸೇರಿ ಅರ್ಧ ಕೇಕು ಮುಗಿಸಿದರು.

ಆ ವರ್ಷ ಅವನು ಕುರಿ ತರಲಿಲ್ಲ. ಮುಂದಿನ ವಸಂತದಲ್ಲಿ ವಿಲ್ಫ್‌ನ ಜೊತೆ ಹೋಗಿ ಒಂದೆರಡು ಕಡಸು ಕೊಂಡು ತಂದ. ಅವುಗಳ ಬಾಯಿ ದಿನವೂ ತೆರೆದು ನೋಡುತ್ತಾನೆಂದು, ನೋಡಿ ನೋಡಿ ಅವು ಅವನನ್ನು ಕಂಡರೆ ತಾವೇ ಬಾಯಿ ತೆರೆಯುತ್ತವೆಂದು ವಿಲ್ಫ್ ಪಬ್ಬಿನಲ್ಲಿ ಹೇಳತೊಡಗಿದ.

ಉಪ್ಪು ಹೆಚ್ಚಾದ ಆ ಚೀಸು ಇನ್ನಷ್ಟು ಉಳಿದಿತ್ತು. ಕ್ಲಿದರೋ ಸಂತೆ ಮತ್ತೆ ತೆರೆದಾಗ ಮೇವಿಸ್ ಅದನ್ನು ಬೇರೆಯಾಗಿ ಇಟ್ಟು, ಕೊಂಡವರಿಗೆಲ್ಲ ಹೇಳಿ ಕೊಟ್ಟಳು: ಹಾಗೇ ತಿನ್ನಬೇಡಿ, ಉಪ್ಪಿದೆ, ದಪ್ಪ ಬ್ರೆಡ್ಡಿನ ಮೇಲೆ ಉದುರಿಸಿ ಕೆಂಡದ ಮುಂದೆ ಹಿಡಿಯಿರಿ, ಗುಳ್ಳೆ ಎದ್ದು ಅಂಚು ಕೆಂಪಗಾದ ಮೇಲೆ, ಬೇಯಿಸಿದ ಈರುಳ್ಳಿ ಇದ್ದರೆ ಜೊತೆಗೆ ಹಾಕಿಕೊಂಡು ತಿನ್ನಿ. ಜನ ಒಯ್ದರು. ಮುಂದಿನ ಶನಿವಾರ ಅದೇ ಬೇಕೆಂದು ಹುಡುಕಿಕೊಂಡು ಬಂದರು.

"ಖಾಲಿಯಾಯ್ತು" ಎಂದಳು.

"ಮತ್ತೆ ಯಾವಾಗ ಮಾಡ್ತೀರಿ?" ಎಂದು ಒಬ್ಬ ಹೆಂಗಸು ಕೇಳಿದಳು. "ಅಂಥ ಚೀಸು ನಾನು ತಿಂದೇ ಇರಲಿಲ್ಲ."

ಮೇವಿಸ್‌ಳ ಕೈ ಎದೆಗೆ ಹೋಯಿತು.

"ಅದು ಬೇಡಮ್ಮ" ಎಂದಳು. "ದೇವರು ಅದನ್ನ ಮತ್ತೆ ಮಾಡಿಸದೇ ಇರಲಿ. ಈ ವಾರ ತಂದದ್ದು ತಗೊಳ್ಳಿ, ಉಪ್ಪು ಹದವಾಗಿದೆ."